ರಾಕೆಟ್‌ನಲ್ಲಿ ನಿಮ್ಮದೇ ಶೆಲ್: ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ

ಹಿಂಜೆವಾಡಿಯ ಕಚೇರಿಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್, ಮನೆಗೆ ಬಂದರೆ ಉಬುಂಟು. ಒಂದೇ ಕೆಲಸಕ್ಕೆ ಅಲ್ಲೊಂದು ಬ್ಯಾಚ್ ಫೈಲು, ಇಲ್ಲೊಂದು ಬ್ಯಾಶ್ ಸ್ಕ್ರಿಪ್ಟು. ಪುಣೆಯಲ್ಲಿ ಹೀಗೆ ಒದ್ದಾಡುವ ನಮ್ಮವರು ಲಿಸ್ಪ್ ಬಳಗದ ರಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಕಟ್ಟಿಕೊಂಡರೆ ಎರಡೂ ಕಡೆ ನಡೆಯುತ್ತದೆ. ಲಿಸ್ಪೇ ಏಕೆಂದರೆ, ಅದರಲ್ಲಿ ಕಮಾಂಡ್ ಅಂದರೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಲ್ಲ, ಲಿಸ್ಟ್ (ಬಿಡಿ ಅಂಶಗಳ ಪಟ್ಟಿ). ಮುಂಬೈ, ಪುಣೆ, ವಾಸ್ಕೊ ಸಂಘಗಳ ಸದಸ್ಯರ ಪಟ್ಟಿಗಳನ್ನು ಒಟ್ಟು ಮಾಡಬೇಕಿದೆ ಎನ್ನಿ. ‘ವಾಸ್ಕೊ ಸದಸ್ಯರು’ ಎಂಬ ಫೈಲಿನ ಹೆಸರಲ್ಲಿ ಜಾಗವಿದ್ದರೂ ಲಿಸ್ಟಿನಲ್ಲಿ ಅದು ಒಂದೇ ಅಂಶ. ಎರಡು ಹೋಳಾಗುವ ಭಯವಿಲ್ಲ.

ಮೂರು ಫೈಲು ಸಾಕು: ಸಾಲು ಓದುವುದಕ್ಕೊಂದು, ಕಮಾಂಡ್ ಓಡಿಸುವುದಕ್ಕೊಂದು, ಓಎಸ್ ವ್ಯತ್ಯಾಸಗಳಿಗೊಂದು. ಯಾವ ಓಎಸ್ ಎಂದು ‘ಸಿಸ್ಟಮ್-ಟೈಪ್’ ಕೇಳಿ ಕವಲೊಡೆಯುವ ಕೋಡೆಲ್ಲ ಮೂರನೆಯದರಲ್ಲೇ ಇರಲಿ.

ಓದಿದ ಸಾಲು ಆವರಣ ಚಿಹ್ನೆಯಿಂದ ಶುರುವಾದರೆ ಅದು ಲಿಸ್ಪ್, ಕೋಡನ್ನು ಓಡಿಸುವ ‘ಇವ್ಯಾಲ್’ಗೆ ಕೊಡಿ. ಇಲ್ಲದಿದ್ದರೆ ಉದ್ಧರಣ ಚಿಹ್ನೆಗಳನ್ನು ಗಮನಿಸುತ್ತ ಪದಗಳಾಗಿ ಒಡೆಯಿರಿ. ಮೊದಲ ಸಲ ‘ಇವ್ಯಾಲ್’ ಕರೆದಾಗ ‘ಆ್ಯಪ್ ಸಿಂಟ್ಯಾಕ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ’ ಎಂಬ ಅರ್ಥದ ದೋಷ ಬರುತ್ತದೆ. ಹೆಸರುಗಳ ಅರ್ಥ ಹುಡುಕುವ ಜಾಗವಾದ ನೇಮ್‌ಸ್ಪೇಸ್ ಖಾಲಿ ಇರುವುದೇ ಕಾರಣ. ‘ಮೇಕ್-ಬೇಸ್-ನೇಮ್‌ಸ್ಪೇಸ್’ನಿಂದ ಒಂದನ್ನು ಮಾಡಿ, ಶೆಲ್ ನಡೆಯುವವರೆಗೂ ಅದನ್ನೇ ಬಳಸಿ.

ಹೊರಗಿನ ಪ್ರೋಗ್ರಾಂ ಓಡಿಸುವುದು ‘ಸಬ್‌ಪ್ರೊಸೆಸ್’. ಅದು ತಾನಾಗಿ ಪಾತ್‌ನಲ್ಲಿ (ಪ್ರೋಗ್ರಾಂಗಳಿರುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಹುಡುಕುವುದಿಲ್ಲ. ಮೊದಲು ‘ಫೈಂಡ್-ಎಕ್ಸಿಕ್ಯೂಟಬಲ್-ಪಾತ್’ ಕರೆದು ಪೂರ್ತಿ ವಿಳಾಸ ಪಡೆಯಿರಿ. ಸಬ್‌ಪ್ರೊಸೆಸ್ ನಾಲ್ಕು ಬೆಲೆ ಹಿಂತಿರುಗಿಸುತ್ತದೆ: ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ಅದರ ಔಟ್‌ಪುಟ್ ಓದುವ ಪೋರ್ಟ್ (ಡೇಟಾ ಹರಿಯುವ ದಾರಿ), ಇನ್‌ಪುಟ್ ಬರೆಯುವ ಪೋರ್ಟ್, ದೋಷ ಓದುವ ಪೋರ್ಟ್.

ಹೆಚ್ಚಿನವರು ಎಡವುವುದು ಪೈಪ್‌ನಲ್ಲಿ, ಅಂದರೆ ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹರಿಸುವಲ್ಲಿ. ಪ್ರೊಸೆಸ್ ಮುಗಿಯಲಿ ಎಂದು ಕಾದು ಆಮೇಲೆ ಔಟ್‌ಪುಟ್ ಓದಿದರೆ ಸಣ್ಣ ಫೈಲಿಗೆ ಸರಿ ಹೋಗುತ್ತದೆ, ದೊಡ್ಡದಕ್ಕೆ ಶೆಲ್ ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ಪೈಪ್ ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್. ಅದು ತುಂಬಿತೋ, ಬರೆಯುವವನು ಓದುವವನಿಗಾಗಿ, ನೀವು ಬರೆಯುವವನಿಗಾಗಿ ಕಾಯುತ್ತ ಕೂರುತ್ತೀರಿ. ಆದ್ದರಿಂದ ಎಲ್ಲ ಹಂತಗಳನ್ನೂ ಮೊದಲೇ ಶುರು ಮಾಡಿ, ಒಂದರ ಔಟ್‌ಪುಟ್ ಪೋರ್ಟನ್ನು ಮುಂದಿನದರ ಇನ್‌ಪುಟ್ ಆಗಿ ನೇರ ಕೊಡಿ, ಕೊಟ್ಟ ಕೂಡಲೇ ನಿಮ್ಮ ಕಡೆಯದನ್ನು ಮುಚ್ಚಿ, ಕಾಯುವುದು ಕೊನೆಗೆ. ಮುಚ್ಚದಿದ್ದರೆ, ಮುಂದಿನ ಹಂತ ಹತ್ತು ಸಾಲು ಓದಿ ಹೊರಟುಹೋದರೂ ಹಿಂದಿನದಕ್ಕೆ ಅದು ತಿಳಿಯುವುದಿಲ್ಲ. ಹೀಗೆ ಕೊಡುವುದು ಫೈಲ್-ಸ್ಟ್ರೀಮ್ ಪೋರ್ಟೇ (ಓಎಸ್‌ನ ಫೈಲು, ಪೈಪುಗಳದ್ದು) ಆಗಿರಬೇಕು. ಮೆಮೊರಿಯಲ್ಲಷ್ಟೇ ಇರುವ ಸ್ಟ್ರಿಂಗ್ ಪೋರ್ಟ್ ಕೊಟ್ಟರೆ ದೋಷ.

ಫೋಲ್ಡರ್ ಬದಲಿಸುವ ‘ಸಿಡಿ’ ಮಾತ್ರ ಶೆಲ್ಲಿನ ಒಳಗಿನ ಕಮಾಂಡೇ ಆಗಿರಬೇಕು. ಹೊರಗಿನ ಪ್ರೊಸೆಸ್ ಫೋಲ್ಡರ್ ಬದಲಿಸಿಕೊಂಡರೆ ಅದಕ್ಕಷ್ಟೇ ಬದಲಾಗುತ್ತದೆ. ರಾಕೆಟ್‌ನಲ್ಲಿ ‘ಕರೆಂಟ್-ಡೈರೆಕ್ಟರಿ’ಗೆ ಹೊಸ ಬೆಲೆ ಕೊಟ್ಟರೆ ಮುಗಿಯಿತು. ಕಂಟ್ರೋಲ್-ಸಿ ಒತ್ತಿದಾಗ ಶೆಲ್ಲೇ ಸಾಯಬಾರದೆಂದರೆ ಅದರಿಂದ ಹುಟ್ಟುವ ಬ್ರೇಕ್ ಎಕ್ಸೆಪ್ಷನ್‌ಗೆ ಪ್ರತ್ಯೇಕ ಹ್ಯಾಂಡ್ಲರ್ ಬೇಕು. ಸಾಮಾನ್ಯ ದೋಷಗಳ ‘ಫೇಲ್’ ಹ್ಯಾಂಡ್ಲರ್ ಅದನ್ನು ಹಿಡಿಯುವುದಿಲ್ಲ.

ವಿಂಡೋಸ್‌ನಲ್ಲಿ ‘ಡಿಐಆರ್’, ‘ಕಾಪಿ’ ಎಂಬ ಪ್ರೋಗ್ರಾಂಗಳೇ ಇಲ್ಲ, ಅವು ವಿಂಡೋಸ್‌ನ ಶೆಲ್ ಆದ ಸಿಎಂಡಿಯ ಹೊಟ್ಟೆಯೊಳಗಿವೆ, ನೀವೇ ಬರೆದುಕೊಳ್ಳಿ. ಪ್ರೋಗ್ರಾಂನ ಹೆಸರಿಗೆ ಬಾಲ (ಎಕ್ಸ್‌ಟೆನ್ಷನ್) ಇಲ್ಲದಿದ್ದರೆ ರಾಕೆಟ್ ‘ಇಎಕ್ಸ್‌ಇ’ ಸೇರಿಸಿ ಹುಡುಕುತ್ತದೆ, ‘ಸಿಎಂಡಿ’ ಸೇರಿಸುವುದಿಲ್ಲ. ಎನ್‌ಪಿಎಂನಂಥ ‘ಸಿಎಂಡಿ’ ಫೈಲುಗಳು ಓಡದಿರುವುದು ಅದಕ್ಕೇ. ಸಾಲು ಓದುವಾಗ ‘ರೀಡ್-ಲೈನ್’ಗೆ ‘ಎನಿ’ ಎಂದು ಹೇಳದಿದ್ದರೆ ಕೊನೆಯಲ್ಲಿ ಕಾಣದ ಅಕ್ಷರವೊಂದು ಉಳಿದು ಹೋಲಿಕೆಗಳೆಲ್ಲ ತಪ್ಪುತ್ತವೆ. ನಕ್ಷತ್ರ ಚಿಹ್ನೆಯನ್ನು (*) ಹೊಂದುವ ಫೈಲುಗಳ ಹೆಸರುಗಳಾಗಿ ಬಿಡಿಸುವುದು ಶೆಲ್ಲಿನ ಕೆಲಸ. ‘ಫೈಲ್/ಗ್ಲಾಬ್’ ಲೈಬ್ರರಿ ಬಳಸಿ.

ಕನ್ನಡದ ಹೆಸರುಗಳ ವಿಷಯ ಮರೆಯಬೇಡಿ, ನಮಗೆ ಇದು ನಿಜಕ್ಕೂ ಮುಖ್ಯ. ‘ವಾಸ್ಕೊ’ದ ‘ಕೊ’ ಎರಡು ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಚಿಹ್ನೆಗೊಂದು ಸಂಖ್ಯೆ) ಆಗಿರಬಹುದು, ಮೂರೂ ಆಗಿರಬಹುದು: ಒಕಾರದ ಚಿಹ್ನೆಯನ್ನು ಎತ್ವ, ಊತ್ವ ಎಂದು ಒಡೆದು ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಮ್ಯಾಕ್ ಡಿಸ್ಕು ಹೆಸರುಗಳನ್ನು ಒಡೆದೇ ಇಡುತ್ತದೆ. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ‘ಸ್ಟ್ರಿಂಗ್-ನಾರ್ಮಲೈಸ್-ಎನ್‌ಎಫ್‌ಸಿ’ಗೆ ಹಾಕಿ. ರಾಕೆಟ್‌ನಲ್ಲಿ ಕಮಾಂಡ್‌ಗಳಿಗೂ ಕನ್ನಡದ ಹೆಸರಿಡಬಹುದು, ಆದರೆ ಅರ್ಧಾಕ್ಷರ ಬಿಡಿಸುವ ಕಾಣದ ನಾನ್-ಜಾಯ್ನರ್ ಇರುವ ಹೆಸರು ಬೇಡ. ಅದಿಲ್ಲದೆ ಟೈಪ್ ಮಾಡಿದವರಿಗೆ ಕಮಾಂಡ್ ಸಿಗುವುದಿಲ್ಲ.

ಇನ್ನು ವಿಸ್ತರಣೆ. ಕಮಾಂಡ್‌ಗಳ ಹ್ಯಾಶ್ ಪಟ್ಟಿ (ಹೆಸರಿನಿಂದ ಹುಡುಕುವ ಪಟ್ಟಿ) ಪ್ರತ್ಯೇಕ ಮಾಡ್ಯೂಲ್‌ನಲ್ಲಿರಲಿ. ಹೋಮ್ ಫೋಲ್ಡರ್‌ನ ‘ಸೇರ್ಪಡೆ’ಯಲ್ಲಿರುವ ಪ್ರತಿ ಫೈಲನ್ನೂ ‘ಡೈನಮಿಕ್-ರಿಕ್ವೈರ್’ನಿಂದ ಕರೆಸಿ, ಅದು ತನ್ನ ಕಮಾಂಡನ್ನು ಆ ಪಟ್ಟಿಗೆ ಬರೆಯಲಿ. ಬರೆದರೂ ಕಮಾಂಡ್ ಕಾಣದಿದ್ದರೆ, ಹೊಸ ನೇಮ್‌ಸ್ಪೇಸ್‌ನಲ್ಲಿ ಪಟ್ಟಿಯ ಎರಡನೇ ಪ್ರತಿ ಹುಟ್ಟಿದೆ ಎಂದರ್ಥ. ‘ನೇಮ್‌ಸ್ಪೇಸ್-ಅಟ್ಯಾಚ್-ಮಾಡ್ಯೂಲ್’ನಿಂದ ಮೊದಲ ಪ್ರತಿಯನ್ನೇ ಅಲ್ಲಿಗೂ ಅಂಟಿಸಿ.

ಶೆಲ್ಲನ್ನು ಇತರರಿಗೆ ಹಂಚುವುದಕ್ಕೆ ರಾಕೆಟ್‌ನ ಕಮಾಂಡ್ ‘ರಾಕೊ ಎಕ್ಸ್ಇ’, ಬಳಿಕ ‘ರಾಕೊ ಡಿಸ್ಟ್ರಿಬ್ಯೂಟ್’. ಮೊದಲನೆಯದಕ್ಕೆ ‘ಪ್ಲಸ್-ಪ್ಲಸ್-ಲ್ಯಾಂಗ್ ರಾಕೆಟ್/ಬೇಸ್’ ಆಯ್ಕೆ ಕೊಡಿ, ಇಲ್ಲದಿದ್ದರೆ ಸೇರ್ಪಡೆಯ ಫೈಲುಗಳು ರಾಕೆಟ್ ಇಲ್ಲದ ಯಂತ್ರದಲ್ಲಿ ತೆರೆಯುವುದಿಲ್ಲ. ವಿಂಡೋಸ್‌ನ ಪ್ರತಿಯನ್ನು ವಿಂಡೋಸ್‌ನಲ್ಲಿ, ಲಿನಕ್ಸ್‌ನದನ್ನು ಲಿನಕ್ಸ್‌ನಲ್ಲಿ ಕಟ್ಟುವುದೇ ಸುಲಭ.