ಪ್ರತಿ ಸಲ ಬೇರೆ ಫೈಲಿನಲ್ಲಿ ಬೀಳುವ ಜಿಸಿಸಿ

ಲಿನಕ್ಸ್ ಕರ್ನಲ್ ಬಿಲ್ಡ್ ಮಾಡುವಾಗ ನನ್ನ ಡೆಸ್ಕ್‌ಟಾಪಿನಲ್ಲಿ ಜಿಸಿಸಿ, ಅಂದರೆ ಸೋರ್ಸ್ ಕೋಡನ್ನು ಯಂತ್ರದ ಕೋಡಾಗಿ ಬದಲಿಸುವ ಕಂಪೈಲರ್, ಆಗಾಗ ಬೀಳತೊಡಗಿತು. ‘ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬರುತ್ತಿತ್ತು, ಬಿಲ್ಡ್ ನಡೆಸುವ ಮೇಕ್ ಅಲ್ಲಿಗೇ ನಿಲ್ಲುತ್ತಿತ್ತು. ಮತ್ತೆ ಮೇಕ್ ಕೊಟ್ಟರೆ ಅದೇ ಫೈಲು ಸಲೀಸಾಗಿ ದಾಟಿ, ಮುಂದೆ ಇನ್ನೆಲ್ಲೋ ಕ್ರ್ಯಾಶ್.

ಹೀಗೆ ಜಾಗ ಬದಲಾಗುವುದೇ ದೊಡ್ಡ ಸುಳಿವು. ಕಂಪೈಲರಿನದೇ ಬಗ್ ಆಗಿದ್ದರೆ ಅದೇ ಸೋರ್ಸಿಗೆ, ಅದೇ ಆಪ್ಷನ್‌ಗಳಿಗೆ, ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಬೀಳುತ್ತದೆ. ಮೊದಲು ಕರ್ನಲ್ ಲಾಗ್ ನೋಡಿದೆ. ಮೆಮೊರಿ ಸಾಲದಾದಾಗ ಪ್ರೋಗ್ರಾಮುಗಳನ್ನು ನಿಲ್ಲಿಸುವ ಓಓಎಂ ಕಿಲ್ಲರ್ ಕಂಪೈಲರನ್ನು ಕೊಂದಿದ್ದರೆ ಅಲ್ಲಿ ಬರೆದಿರುತ್ತದೆ. ಅಂಥದ್ದೇನೂ ಇರಲಿಲ್ಲ. ಒಟ್ಟಿಗೆ ಓಡುವ ಕೆಲಸಗಳನ್ನು ಒಂದಕ್ಕಿಳಿಸಿದಾಗ ಕ್ರ್ಯಾಶ್ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ರ‍್ಯಾಮ್ ಮೇಲಿನ ಅನುಮಾನ ಗಟ್ಟಿಯಾಗಿದ್ದು ಒಂದು ವಿಚಿತ್ರ ಎರರಿನಿಂದ. ನೆಟ್‌ವರ್ಕ್ ಕೋಡಿನಲ್ಲಿ ‘ಎಸ್‌ಜೆಬಿ’ ಎಂಬ ಹೆಸರು ಡಿಕ್ಲೇರ್ ಆಗಿಲ್ಲ ಎಂದು ಜಿಸಿಸಿ ದೂರಿತು. ಅಲ್ಲಿರಬೇಕಾದ್ದು ‘ಎಸ್‌ಕೆಬಿ’. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿಯಲ್ಲಿ ಕೆ ಮತ್ತು ಜೆ ಅಕ್ಷರಗಳಿಗೆ ಒಂದೇ ಬಿಟ್ ವ್ಯತ್ಯಾಸ, ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ ಸಾಕು. ಎಡಿಟರಿನಲ್ಲಿ ತೆರೆದರೂ ತಪ್ಪು ಅಕ್ಷರವೇ ಕಂಡಿತು, ಏಕೆಂದರೆ ಎಡಿಟರ್ ಓದಿದ್ದೂ ಡಿಸ್ಕಿನ ಫೈಲುಗಳ ಪ್ರತಿಯನ್ನು ಮೆಮೊರಿಯಲ್ಲಿಡುವ ಅದೇ ಪೇಜ್ ಕ್ಯಾಶ್‌ನಿಂದ. ಕ್ಯಾಶ್ ಖಾಲಿ ಮಾಡಿಸಿ ನೋಡಿದೆ, ಅಕ್ಷರ ಸರಿಯಾಗಿತ್ತು. ಡಿಸ್ಕಿನಲ್ಲಿದ್ದ ಪ್ರತಿಗೆ ಏನೂ ಆಗಿರಲಿಲ್ಲ.

ಬೇರೆ ಕೆಲಸಗಳಲ್ಲಿ ಇದು ಕಣ್ಣಿಗೆ ಬೀಳದಿರಬಹುದು. ವೀಡಿಯೊ ನೋಡುವಾಗ ಒಂದು ಬಿಟ್ ತಿರುಗಿದರೆ ಎಲ್ಲೋ ಒಂದು ಚುಕ್ಕಿಯ ಬಣ್ಣ ಕೆಡುತ್ತದೆ, ಅಷ್ಟೇ. ಜಿಸಿಸಿಯ ಮೆಮೊರಿಯ ತುಂಬ ಪಾಯಿಂಟರುಗಳು, ಅಂದರೆ ಮೆಮೊರಿಯ ವಿಳಾಸಗಳು. ಅವುಗಳಲ್ಲೊಂದು ಕೆಟ್ಟರೆ ಇಲ್ಲದ ವಿಳಾಸಕ್ಕೆ ಕೈಹಾಕಿ ಪ್ರೋಗ್ರಾಮೇ ಬೀಳುತ್ತದೆ.

ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ಪ್ರೋಗ್ರಾಮಿನ ಮೊದಲ ಸುತ್ತು ಏನೂ ತೋರಿಸಲಿಲ್ಲ. ಅಷ್ಟಕ್ಕೇ ರ‍್ಯಾಮ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ರಾತ್ರಿಯಿಡೀ ಓಡಲು ಬಿಟ್ಟೆ, ಬೆಳಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳಿದ್ದವು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ತೆಗೆದು ವೇಗವನ್ನು 3200ರಿಂದ 2133ಕ್ಕೆ ಇಳಿಸಿದರೂ ತಪ್ಪುಗಳು ಪೂರ್ತಿ ಹೋಗಲಿಲ್ಲ. ಆಮೇಲೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದೆ. ಕೆಟ್ಟ ಸ್ಟಿಕ್ ಯಾವ ಸ್ಲಾಟಿಗೆ ಹೋದರೂ ತಪ್ಪು ಅದರ ಜೊತೆಗೇ ಹೋಯಿತು, ಹಾಗಾಗಿ ಮದರ್‌ಬೋರ್ಡ್ ಮೇಲಿನ ಅನುಮಾನ ಬಿಟ್ಟೆ. ಸ್ಟಿಕ್ ವಾರಂಟಿಗೆ ಹೋಯಿತು. ತಕ್ಷಣ ಬದಲಿಸಲಾಗದವರು ‘ಮೆಮ್‌ಮ್ಯಾಪ್’ ಬೂಟ್ ಪ್ಯಾರಾಮೀಟರಿನಿಂದ ಕೆಟ್ಟ ವಿಳಾಸಗಳನ್ನು ಬಳಕೆಯಿಂದ ಹೊರಗಿಡಬಹುದು. ಬೂಟ್ ಲೋಡರ್ ಗ್ರಬ್‌ನ ಕಾನ್ಫಿಗ್‌ನಲ್ಲಿ ಅದರ ಡಾಲರ್ ಚಿಹ್ನೆಯನ್ನು ಎಸ್ಕೇಪ್ ಮಾಡಲು ಮರೆಯಬೇಡಿ.

ನನಗೆ ನಿಜವಾಗಿ ಭಯವಿದ್ದದ್ದು ಕ್ರ್ಯಾಶ್ ಆಗದೆ ಮುಗಿದ ಬಿಲ್ಡ್‌ಗಳ ಬಗ್ಗೆ. ಬಿಟ್ ತಿರುಗಿದ್ದು ಪಾಯಿಂಟರಿನಲ್ಲಲ್ಲದೆ ಒಂದು ಸ್ಥಿರಾಂಕದಲ್ಲಾದರೆ ಕಂಪೈಲರ್ ಸುಮ್ಮನೆ ತಪ್ಪು ಕೋಡ್ ಬರೆದು ಮುಂದೆ ಹೋಗುತ್ತದೆ. ಕಂಪೈಲರ್ ಬರೆದ ಆ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಅಳಿಸಿದೆ. ಹೊಸ ರ‍್ಯಾಮ್ ಹಾಕಿ, ಬಿಲ್ಡ್ ಟೈಮ್‌ಸ್ಟ್ಯಾಂಪನ್ನು ಸ್ಥಿರವಾಗಿಟ್ಟು, ಅದೇ ಡೈರೆಕ್ಟರಿಯಲ್ಲಿ ಅದೇ ಕರ್ನಲನ್ನು ಎರಡು ಸಲ ಬಿಲ್ಡ್ ಮಾಡಿ ಆಬ್ಜೆಕ್ಟ್ ಫೈಲುಗಳ ಎಸ್‌ಎಚ್‌ಎ256 ಚೆಕ್‌ಸಮ್ ಹೋಲಿಸಿದೆ. ಎಲ್ಲವೂ ಹೊಂದಿದವು. ಸೋರ್ಸ್ ಇಟ್ಟಿದ್ದ ಗಿಟ್ ರೆಪೊಸಿಟರಿ ಕೆಟ್ಟಿಲ್ಲವೆಂದು ಖಚಿತಪಡಿಸಲು ಅದಕ್ಕೆ ಎಫ್‌ಎಸ್‌ಸಿಕೆ ಓಡಿಸಿ, ಇನ್‌ಸ್ಟಾಲ್ ಆಗಿದ್ದ ಪ್ಯಾಕೇಜುಗಳ ಚೆಕ್‌ಸಮ್ ತಾಳೆ ನೋಡಿದ ಮೇಲೆಯೇ ಆ ಕರ್ನಲನ್ನು ಬೂಟ್ ಮಾಡಿದೆ.