ಹೆಪಟೈಟಿಸ್ ಸಿ ವಾಸಿಯಾದ ಮೇಲೂ ಲಿವರ್ ಸ್ಕ್ಯಾನಿಂಗ್ ಯಾಕೆ, ಹೇಗೆ?

ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ಸಿಗೆ ಹನ್ನೆರಡು ವಾರ ಮಾತ್ರೆ ನುಂಗಿ, ಮತ್ತೆ ಹನ್ನೆರಡು ವಾರ ಕಾದ ಮೇಲೆ ಸೋದರಮಾವನ ರಕ್ತಪರೀಕ್ಷೆಯಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್', ಅಂದರೆ ವೈರಸ್ ಕಾಣಲಿಲ್ಲ ಎಂದು ಬಂತು. ಅಂದೇ ಅವರು ಹಳೇ ರಿಪೋರ್ಟುಗಳನ್ನೆಲ್ಲ ರದ್ದಿಗೆ ಕಟ್ಟಿದರು. ಅತ್ತೆ ಸುಮ್ನೆ ಫೈಲ್ ಎತ್ತಿ ಬೀರುವಿನಲ್ಲಿಟ್ಟರು. ಮುಂದಿನ ಲೆಕ್ಕವೆಲ್ಲ ಅದರಲ್ಲೇ ಇತ್ತು.

ಸೊಫೊಸ್‌ಬುವಿರ್ ಇರುವ ಈ ಮಾತ್ರೆಗಳು ನೂರರಲ್ಲಿ 95 ಜನರ ವೈರಸ್ ಓಡಿಸುತ್ತವೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇವು ಪುಕ್ಕಟೆ ಸಿಗುತ್ತವೆ. ವೈರಸ್ ಹೋದರೆ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು ಶೇ 70ರಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಕೆರಳಿದ ಲಿವರಿನಲ್ಲಿ ಗಾಯ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ, ಗೆಡ್ಡೆ ಹುಟ್ಟುವುದು ಅಲ್ಲೇ. ಮಾತ್ರೆಯಿಂದಲೇ ಕ್ಯಾನ್ಸರ್ ಬರುತ್ತೆ ಎಂಬ ಗುಲ್ಲು 2016ರಲ್ಲಿ ಎದ್ದಿತ್ತು. ಆಮೇಲಿನ ದೊಡ್ಡ ಅಧ್ಯಯನಗಳ ಮುಂದೆ ಅದು ನಿಲ್ಲಲಿಲ್ಲ.

ಮೊದಲು, ಮಾತ್ರೆ ಶುರುಮಾಡುವ ಮುಂಚಿನ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ರಿಪೋರ್ಟ್ ಹುಡುಕಿ. 12.5 ಕಿಲೋಪಾಸ್ಕಲ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಿರೋಸಿಸ್ ಎಂದು ಹಿಡಿಯುತ್ತಾರೆ. ಈಗ ಮಾಡಿಸಿದರೆ ಅಂಕಿ ಇಳಿದಿರಬಹುದು. ಊತ ಇಳಿದರೂ ಅಂಕಿ ಇಳಿಯುತ್ತದೆ, ಹಾಗಂತ ಗಾಯದ ಕಲೆ ಮಾಯವಾಗಿದೆ ಎಂದಲ್ಲ. ಹಳೇ ಅಂಕಿಯನ್ನೇ ನಂಬಿ.

ಫೈಬ್ರೋಸ್ಕ್ಯಾನ್ ಮಾಡಿಸಿಯೇ ಇಲ್ಲವೇ? ಆಗಿನ ರಕ್ತಪರೀಕ್ಷೆ ಸಾಕು, ಕ್ಯಾಲ್ಕುಲೇಟರ್ ತನ್ನಿ. ಅದರಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಎರಡು ಲಿವರ್ ಕಿಣ್ವಗಳ ಅಂಕಿ ಇರುತ್ತದೆ. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ, ಆಮೇಲೆ ಎಸ್‌ಜಿಪಿಟಿಯ ವರ್ಗಮೂಲದಿಂದ ಭಾಗಿಸಿ. ಪ್ಲೇಟ್‌ಲೆಟ್ ಒಂದು ಲಕ್ಷ ಇದ್ದರೆ 100 ಎಂದು ತಗೊಳ್ಳಿ. ವಯಸ್ಸು 58, ಎಸ್‌ಜಿಓಟಿ 80, ಎಸ್‌ಜಿಪಿಟಿ 64 ಆದರೆ 4640ನ್ನು 800ರಿಂದ ಭಾಗಿಸಬೇಕು, 5.8 ಬರುತ್ತದೆ. ಇದಕ್ಕೆ ಫಿಬ್-4 ಅಂತ ಹೆಸರು. 3.25 ದಾಟಿದರೆ ಗಾಯ ಮುಂದುವರಿದಿರುವ ಸಾಧ್ಯತೆ ಹೆಚ್ಚು, ಲಿವರ್ ಡಾಕ್ಟರಿಗೆ ತೋರಿಸಿ.

ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಬೇಕು, ಸಾಮಾನ್ಯವಾಗಿ ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ರಕ್ತಪರೀಕ್ಷೆ. ಗಾಯ ಸಿರೋಸಿಸ್‌ಗಿಂತ ಒಂದು ಮೆಟ್ಟಿಲು ಕೆಳಗಿರುವವರಿಗೂ ಯುರೋಪಿನ ತಜ್ಞರು ಇದನ್ನೇ ಹೇಳುತ್ತಾರೆ, ಅಮೆರಿಕದವರು ಒತ್ತಾಯಿಸುವುದಿಲ್ಲ. ಆರು ತಿಂಗಳೇ ಯಾಕೆಂದರೆ, ಗೆಡ್ಡೆ ದುಪ್ಪಟ್ಟಾಗಲು ಹೆಚ್ಚುಕಮ್ಮಿ ಅಷ್ಟು ಸಮಯ ಹಿಡಿಯುತ್ತದೆ. ನೋವು ಬರಲಿ, ನೋಡೋಣ ಅನ್ನಬೇಡಿ. ಚಿಕ್ಕ ಗೆಡ್ಡೆ ನೋಯುವುದಿಲ್ಲ. ನಮ್ಮ ಅತ್ತೆ ಯುಗಾದಿ, ದಸರಾ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ, ಮಾವ ತಪ್ಪಿಸಿಕೊಳ್ಳುವಂತಿಲ್ಲ.

ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಹಿಂದಿನ ರಿಪೋರ್ಟ್ ಕೊಟ್ಟು, 'ಸಿರೋಸಿಸ್ ಇದೆ, ಗೆಡ್ಡೆ ಇದೆಯಾ ನೋಡಬೇಕು' ಎಂದು ಬಾಯಿಬಿಟ್ಟು ಹೇಳಿ. ಏನಾದರೂ ಕಂಡರೆ ಕಾಂಟ್ರಾಸ್ಟ್ ಹಾಕಿ ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ಮೂರು ಸೆಂಟಿಮೀಟರಿನೊಳಗೆ ಸಿಕ್ಕರೆ ಎಷ್ಟೋ ಸಲ ಸೂಜಿ ಚುಚ್ಚಿ ಶಾಖದಿಂದಲೇ ಸುಟ್ಟುಬಿಡಬಹುದು.

ಕುಡಿತ ಬಿಡಲೇಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಮಾವನಿಗೆ ಮನೆಯಲ್ಲಿ ನೆನಪಿರುವುದು ಇದೊಂದೇ.

ಮುಂದೆ ಯಾವುದೋ ಆಪರೇಷನ್‌ಗೆ ಮುಂಚೆ ರಕ್ತ ನೋಡಿದಾಗ 'ಆಂಟಿ ಎಚ್‌ಸಿವಿ ಪಾಸಿಟಿವ್' ಅಂತ ಬರಬಹುದು. ಗಾಬರಿ ಬೀಳಬೇಡಿ. ಅದು ವೈರಸ್ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ, ಸಾಮಾನ್ಯವಾಗಿ ಕೊನೆಯವರೆಗೂ ರಕ್ತದಲ್ಲಿ ಉಳಿಯುತ್ತದೆ. ವೈರಸ್ ಮರಳಿದೆಯೇ ಎಂದು ತಿಳಿಯಲು ವೈರಸ್ಸನ್ನೇ ಹುಡುಕುವ ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು.