ಎರಡನೇ ಸಲ ಮಳೆಯಲ್ಲಿ ಹೋದೆ

ಮಗಳಿಗೆ ಮೂರು ತುಂಬಿತು. ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಸೇರಿಸಬೇಕಾದರೆ ನಾಲ್ಕಾಗಬೇಕು. ಹಾಗಾಗಿ ಚಿಕ್ಕಮಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರವಿರುವ ಮೂರು ಅಂಗನವಾಡಿಗಳಲ್ಲೇ ಒಂದನ್ನು ಆರಿಸಬೇಕಿತ್ತು. "ಎಲ್ಲ ಕಡೆ ಅದೇ ಹಾಲು, ಅದೇ ಮೊಟ್ಟೆ, ಯಾವುದಾದರೇನು?" ಎಂದರು ನಮ್ಮತ್ತೆ. 1975ರಿಂದ ನಡೆದು ಬಂದ ಅಂಗನವಾಡಿ ಯೋಜನೆ ಒಂದೇ, ನಿಜ. ಆದರೆ ನಡೆಸುವವರು ಬೇರೆ ಬೇರೆ.

ಏಪ್ರಿಲ್‌ನಲ್ಲಿ ಮೂರನ್ನೂ ನೋಡಿ ಬಂದೆ. ಗೋಡೆಯ ಮೇಲೆ ಆನೆ, ನವಿಲು ಬರೆಸಿದ್ದ ಹೊಸ ಕಟ್ಟಡ ಮನಸ್ಸಿಗೆ ಹಿಡಿಸಿತು. ಸೇರಿಸಿಯೇ ಬಿಡುತ್ತಿದ್ದೆ, ಮಳೆಗಾಲದಲ್ಲಿ ಇನ್ನೊಮ್ಮೆ ನೋಡೋಣವೆಂದು ತಡೆದದ್ದು ಒಳ್ಳೆಯದಾಯಿತು.

ಜುಲೈನಲ್ಲಿ ಒಂದು ದಿನ ಜಡಿಮಳೆಯಲ್ಲಿ, ಹನ್ನೊಂದು ಗಂಟೆಯ ಹೊತ್ತಿಗೆ, ಹೇಳದೆ ಹೋದೆ. ಹೊಸ ಕಟ್ಟಡದಲ್ಲಿ ಆಟದ ಸಾಮಾನಿನ ಪೆಟ್ಟಿಗೆ ಬೀರುವಿನ ಮೇಲಿತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಮಕ್ಕಳು ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದರು. ತೂಕ ಹೇಗೆ ಬರೆಯುತ್ತೀರಿ ಎಂದು ಕೇಳಿದಾಗ ಪುಸ್ತಕ ಕೊಟ್ಟರು. ಪ್ರತಿ ಮಗುವೂ ಪ್ರತಿ ತಿಂಗಳೂ ಸರಿಯಾಗಿ 200 ಗ್ರಾಂ ಹೆಚ್ಚಿತ್ತು! ಮಕ್ಕಳ ತೂಕ ಹಾಗೆ ಏರುವುದಿಲ್ಲ. ಒಂದು ಜ್ವರ ಬಂದರೆ ಸಾಕು, ಇಳಿಯುತ್ತದೆ. ತೂಗದೆಯೇ ಬರೆದದ್ದು ಎಂದು ನನಗೆ ಅನ್ನಿಸಿತು, ಸಿಟ್ಟೂ ಬಂತು. ಸೊರಗುತ್ತಿರುವ ಮಗು ಅಂಥ ಪುಸ್ತಕದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ದೂರವಾಯಿತು. ನನಗೆ ಏಳು ನಿಮಿಷದ ದಾರಿ, ಮಗಳ ಹೆಜ್ಜೆಯಲ್ಲಿ ಇಪ್ಪತ್ತು ನಿಮಿಷ.

ಮೂರನೆಯದು ಹಳೆಯ ಹೆಂಚಿನ ಕಟ್ಟಡ. ಒಂದು ಮೂಲೆ ಸೋರುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು. ಆಟದ ಮರದ ತುಂಡುಗಳ ಬಣ್ಣ ಮಕ್ಕಳ ಕೈಯಲ್ಲಿ ಸವೆದು ಅಂಚೆಲ್ಲ ಬಿಳಿಚಿಕೊಂಡಿತ್ತು. ಇಬ್ಬರು ಹುಡುಗರು ಅವುಗಳಿಂದ ಸೇತುವೆ ಕಟ್ಟುತ್ತಿದ್ದರು. ಸಹಾಯಕಿ ಒಂದು ಮಗುವಿನ ಒದ್ದೆ ಚಡ್ಡಿ ಬದಲಿಸುತ್ತಿದ್ದರು. ಮಗು ಅಳುತ್ತಿರಲಿಲ್ಲ, ಅವರ ಹೆಗಲಿಗೆ ಕೈಯಿಟ್ಟು ಮಾತಾಡುತ್ತಿತ್ತು. ತೂಕದ ಬಗ್ಗೆ ಕೇಳಿದೆ. ಟೀಚರ್ ಬೆಳವಣಿಗೆಯ ಚಾರ್ಟ್ ಬಿಡಿಸಿ, ಹಸಿರು ಪಟ್ಟಿಯಿಂದ ಹಳದಿಗೆ ಜಾರಿದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. "ಭೇದಿಯಾಗಿತ್ತು ಮೇಡಂ. ಎರಡು ಸಲ ಮನೆಗೆ ಹೋಗಿ ಬಂದೆ. ಈಗ ನೋಡಿ, ಮೇಲೆ ಬರುತ್ತಿದೆ" ಎಂದರು. ಮಗುವಿನ ಹೆಸರಿನ ಮೇಲೆ ಅಂಗೈ ಮುಚ್ಚಿಕೊಂಡೇ ತೋರಿಸಿದರು. ನಾನು ಅಲ್ಲೇ ನಿರ್ಧರಿಸಿದೆ.

ಅಲ್ಲಿಯೂ ಕೊರತೆಯಿತ್ತು. ಶೌಚಾಲಯದ ನಲ್ಲಿ ಕೆಟ್ಟಿತ್ತು, ಅದನ್ನು ಹಾಗೇ ಬಿಟ್ಟು ಮಗಳನ್ನು ಸೇರಿಸಲು ಮನಸ್ಸಾಗಲಿಲ್ಲ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ ಮಾತೆತ್ತಿದೆ. ಉಳಿದ ತಾಯಂದಿರೂ ದನಿಗೂಡಿಸಿದರು. ಹದಿನೈದು ದಿನಗಳಲ್ಲಿ ನೀರು ಬಂತು. ಹೆಂಚು ಬದಲಿಸಲು ಅರ್ಜಿ ಕೊಟ್ಟಿದ್ದೇವೆ, ಬಕೆಟ್ ಇನ್ನೂ ಅದೇ ಮೂಲೆಯಲ್ಲಿದೆ.